ಗೋಲಿ ಬಿಡಿ, ಒಳಗೇನಿದೆ ಹೇಳಿ: ತೆರೆಯಲಾಗದ ಹಲಗೆಗಳನ್ನು ಕಟ್ಟಿದ ಬಗೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಪರಮಾಣುವಿನ ರಚನೆ ಅಂತ ಒಂದು ಪಾಠ ಬರುತ್ತದೆ. ರುದರ್‌ಫೋರ್ಡ್ ತೆಳು ಚಿನ್ನದ ಹಾಳೆಗೆ ಆಲ್ಫಾ ಕಣ (ಧನ ವಿದ್ಯುದಂಶದ ಸೂಕ್ಷ್ಮ ಕಣ) ಹಾಯಿಸಿದರು, ಬಹುಪಾಲು ನೇರ ಹೋದವು, ಕೆಲವು ಬಾಗಿದವು, ತೀರಾ ಅಪರೂಪಕ್ಕೆ ಒಂದು ಹಿಂದಕ್ಕೆ ಬಂತು, ಹಾಗಾಗಿ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಅನ್ನುವ ಪುಟ್ಟ ಗಟ್ಟಿ ತಿರುಳು ಇದೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ತಗೊಳ್ತಾರೆ. ಆದರೆ ಬಾಗಿದ ಕಣಗಳಿಂದ ಹೊರಟು ನ್ಯೂಕ್ಲಿಯಸ್ಸಿಗೆ ಹೇಗೆ ಬಂದರು ಅನ್ನುವುದು ಅವರ ಕೈಗೆ ಸಿಗುವುದೇ ಇಲ್ಲ. ಅದು ನಿಜವಾಗಿ ಕೈಗೆ ಸಿಗಲಿ ಅಂತ ನಮ್ಮ ತರಗತಿಗೆ ಈ ಹಲಗೆಗಳನ್ನು ಕಟ್ಟಿದೆ.

ವಿಷಯ ಸರಳ. ಎರಡು ಪ್ಲೈವುಡ್ ಹಲಗೆ, ನಡುವೆ ಒಂದು ಮರದ ಆಕಾರ, ಸುತ್ತ ಸುಮಾರು ಎರಡೂವರೆ ಸೆಂ.ಮೀ. ಎತ್ತರದ ಸಂದು. ಸಂದಿಯೊಳಗೆ ಗೋಲಿ ಬಿಡಬೇಕು. ಅದು ಎಲ್ಲಿಂದ ಹೊರಬಂತು ಅಂತ ನೋಡಬೇಕು. ಒಳಗಿರುವ ಆಕಾರ ಯಾವುದು, ಎಷ್ಟು ದೊಡ್ಡದು, ಯಾವ ಕಡೆ ತಿರುಗಿದೆ ಅಂತ ಹೇಳಬೇಕು. ಚಟುವಟಿಕೆ ಹೊಸದೇನಲ್ಲ, ಬಹಳ ಕಡೆ ಮಾಡಿಸುತ್ತಾರೆ. ಸಾಮಾನ್ಯವಾಗಿ ಹಲಗೆಯ ಅಡಿಗೆ ಆಕಾರ ಅಂಟಿಸಿ ನೆಲದ ಮೇಲಿಡುತ್ತಾರೆ, ಪೀರಿಯಡ್ ಮುಗಿಯುವಾಗ ಎತ್ತಿ ತೋರಿಸುತ್ತಾರೆ. ನನಗೆ ಎತ್ತಲು ಬಾರದ ಹಲಗೆಯೇ ಬೇಕಿತ್ತು, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಸಾಮಾನು. 6 ಮಿ.ಮೀ. ದಪ್ಪದ ಪ್ಲೈವುಡ್ ತಗೊಳ್ಳಿ. ಎಂಟಡಿ ನಾಲ್ಕಡಿಯ ಒಂದು ಹಾಳೆಯಿಂದ ಎರಡಡಿ ಚೌಕದ ಎಂಟು ತುಂಡು ಬರುತ್ತವೆ, ಇವು ತಳಕ್ಕೆ. ಮೇಲಿನ ಹಲಗೆ ಒಂದೂವರೆ ಅಡಿ ಚೌಕ ಸಾಕು. ತಳ ದೊಡ್ಡದಿರಲೇಬೇಕು. ಎರಡೂ ಒಂದೇ ಅಳತೆ ಆದರೆ ಗೋಲಿ ನೆಲದಿಂದ ಹಲಗೆಯ ಅಂಚು ಹತ್ತಬೇಕಾಗುತ್ತದೆ, ಅಲ್ಲೇ ದಿಕ್ಕು ತಪ್ಪುತ್ತದೆ. ತಳ ಸುತ್ತಲೂ ಏಳೂವರೆ ಸೆಂ.ಮೀ. ಹೊರಗೆ ಚಾಚಿದ್ದರೆ ಗೋಲಿ ಬಿಡುವುದಕ್ಕೂ, ಅದು ಹೊರಬಂದ ದಾರಿ ಗುರುತು ಮಾಡುವುದಕ್ಕೂ ಜಾಗ ಸಿಗುತ್ತದೆ. ಒಳಗಿನ ಆಕಾರಕ್ಕೆ 12 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದರೆ 24 ಮಿ.ಮೀ. ಆಯಿತು. ಅಂಗಡಿಯಲ್ಲಿ ಸಿಗುವ ಸಾಧಾರಣ ಗಾಜಿನ ಗೋಲಿ 16 ಮಿ.ಮೀ. ಆಸುಪಾಸು ಇರುತ್ತದೆ, ಆರಾಮಾಗಿ ಓಡಾಡುತ್ತದೆ.

ಥರ್ಮೋಕೋಲ್ ಹಗುರ, ಕತ್ತರಿಸುವುದು ಸುಲಭ ಅಂತ ಅದಕ್ಕೆ ಕೈ ಹಾಕಬೇಡಿ. ಗೋಲಿ ಬಡಿದರೆ ಅದು ತಗ್ಗಿ ವೇಗವನ್ನೆಲ್ಲ ನುಂಗಿಬಿಡುತ್ತದೆ, ಗೋಲಿ ಅಲ್ಲೇ ಸುಸ್ತಾಗಿ ನಿಲ್ಲುತ್ತದೆ. ರಟ್ಟೂ ಅಷ್ಟೇ. ಮರ ಅಥವಾ ಪ್ಲೈವುಡ್ಡೇ ಬೇಕು, ಅಂಚನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಬೇಕು. ಪ್ಲೈವುಡ್ಡಿನ ಅಂಚಲ್ಲಿ ಪದರದ ನಡುವೆ ಸಣ್ಣ ಸಣ್ಣ ಗುಳಿ ಇರುತ್ತವೆ. ಮರದ ಪುಡಿಯನ್ನು ಫೆವಿಕಾಲ್ ಜೊತೆ ಕಲೆಸಿ ಆ ಗುಳಿಗಳನ್ನು ತುಂಬಿಸಿ, ಒಣಗಿದ ಮೇಲೆ ಮತ್ತೆ ಉಜ್ಜಿದರೆ ಗೋಲಿ ಹದವಾಗಿ ಪುಟಿಯುತ್ತದೆ. ಆಕಾರಗಳು ಹದಿನೈದು, ಹದಿನೆಂಟು ಸೆಂ.ಮೀ. ಅಗಲ ಇರಲಿ. ನಾನು ಕತ್ತರಿಸಿದ್ದು ತ್ರಿಕೋನ, ವೃತ್ತ, ಓರೆಯಾಗಿ ಕೂರಿಸಿದ ಚೌಕ, ಎಲ್ ಆಕಾರ. ಎಲ್ ಆಕಾರವನ್ನು ಬಿಡಬೇಡಿ, ಅದರ ಒಳಮೂಲೆಗೆ ಹೋದ ಗೋಲಿ ಎರಡು ಸಲ ಬಡಿದು ಬಿಟ್ಟವರ ಕಡೆಗೇ ವಾಪಸ್ ಬರುತ್ತದೆ. ಮಕ್ಕಳ ಮುಖ ಆಗ ನೋಡಬೇಕು.

ಜೋಡಿಸುವಾಗ ಒಂದು ಸೂಕ್ಷ್ಮ ಇದೆ. ಆಕಾರವನ್ನು ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಸ್ಕ್ರೂ ಹಾಕಿ ಕೂರಿಸಿದರೆ ಸ್ಕ್ರೂ ತಲೆಗಳೇ ಒಳಗಿನ ನಕ್ಷೆ ಹೇಳಿಬಿಡುತ್ತವೆ. ಮಕ್ಕಳ ಕಣ್ಣು ಅದನ್ನು ಬಿಡುವುದಿಲ್ಲ. ಅದಕ್ಕೆ ಆಕಾರಕ್ಕೆ ಬರೀ ಫೆವಿಕಾಲ್, ರಾತ್ರಿಯಿಡೀ ಮೇಲೆ ಭಾರ ಹೇರಿ ಒಣಗಿಸಿದ್ದು. ಮೇಲಿನ ಹಲಗೆಯ ನಾಲ್ಕು ಮೂಲೆಗೆ 24 ಮಿ.ಮೀ. ಎತ್ತರದ ಸಣ್ಣ ಮರದ ತುಂಡು, ಸ್ಕ್ರೂ ಅಲ್ಲಿ ಮಾತ್ರ. ಎಲ್ಲ ಹಲಗೆಗೂ ನಾಲ್ಕು ಸ್ಕ್ರೂ ಒಂದೇ ಜಾಗದಲ್ಲಿ ಇರುವುದರಿಂದ ಅವು ಏನನ್ನೂ ಹೇಳುವುದಿಲ್ಲ. ಮೂಲೆಯ ತುಂಡು ಹೊರಗಿನಿಂದಲೇ ಕಾಣುತ್ತದೆ, ಅದನ್ನು ಲೆಕ್ಕದಿಂದ ಬಿಡಿ ಅಂತ ಮೊದಲೇ ಹೇಳಬಹುದು. ಸ್ಕ್ರೂ ತಲೆಯ ಮೇಲೆ ಅಂಟು ತುಂಬಿಸಿ ಬಣ್ಣ ಬಳಿದುಬಿಟ್ಟೆ.

ಇನ್ನು ಬಗ್ಗಿ ನೋಡುವ ಸಮಸ್ಯೆ. ಎರಡೂವರೆ ಸೆಂ.ಮೀ. ಸಂದು ಅಂದರೆ ನೆಲಕ್ಕೆ ಗಲ್ಲ ತಾಗಿಸಿ ನೋಡಿದರೆ ಎಲ್ಲ ಕಾಣುತ್ತದೆ. ಬಟ್ಟೆಯ ಪರದೆ ಕಟ್ಟಿದರೆ ಗೋಲಿಯ ವೇಗ ಕಡಿಮೆಯಾಗುತ್ತದೆ, ದಿಕ್ಕೂ ಕೆಡುತ್ತದೆ. ಚೆನ್ನಾಗಿ ಕೂತದ್ದು ಹಳೇ ಆಡಿಯೊ ಕ್ಯಾಸೆಟ್ಟಿನ ರೀಲು. ಮೇಲಿನ ಹಲಗೆಯ ಅಂಚಿಗೆ ಸುತ್ತಲೂ ಟೇಪ್ ಅಂಟಿಸಿ, ರೀಲನ್ನು ಎರಡೂವರೆ ಸೆಂ.ಮೀ. ತುಂಡು ಮಾಡಿ ಒತ್ತೊತ್ತಾಗಿ ಎರಡು ಸಾಲು ಇಳಿಬಿಡಿ. ಕಪ್ಪಗಿರುತ್ತದೆ, ತೂಕವೇ ಇಲ್ಲ, ಗೋಲಿ ತಳ್ಳಿಕೊಂಡು ಹೋದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಣ ಹವೆಯಲ್ಲಿ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒದ್ದೆ ಬೆರಳಲ್ಲಿ ಒಮ್ಮೆ ಸವರಿದರೆ ಸರಿಹೋಗುತ್ತದೆ.

ಗೋಲಿ ಬಿಡುವುದಕ್ಕೆ ಮನೆಯ ವೈರಿಂಗಿಗೆ ಗೋಡೆ ಮೇಲೆ ಹೊಡೆಯುವ ಪಿವಿಸಿ ಕೇಸಿಂಗ್ ಪಟ್ಟಿ ಬಹಳ ಚೆನ್ನಾಗಿದೆ. ಒಂದಡಿ ತುಂಡು ಮಾಡಿ, ಮೇಲಿನ ತುದಿಯ ಅಡಿಗೆ ಮರದ ತುಂಡು ಕೊಟ್ಟು, ಪಟ್ಟಿಯ ಮೇಲೆ ಒಂದು ಗೆರೆ ಎಳೆದಿಡಿ. ಎಲ್ಲರೂ ಅದೇ ಗೆರೆಯಿಂದ ಬಿಟ್ಟರೆ ವೇಗ ಒಂದೇ ಇರುತ್ತದೆ. ಕೈಯಿಂದ ಹೊಡೆದರೆ ಗೋಲಿ ಆಟವಾಗುತ್ತದೆ, ಅಳತೆ ಆಗುವುದಿಲ್ಲ. ಹೊರಚಾಚಿದ ತಳದ ಮೇಲೆ ಕಪ್ಪು ಚಾರ್ಟ್ ಹಾಳೆ ಅಂಟಿಸಿ ಕೇರಂ ಪೌಡರ್ ತೆಳ್ಳಗೆ ಹರಡಿದರೆ ಹೋದ ದಾರಿ, ಬಂದ ದಾರಿ ಎರಡೂ ಗೆರೆಯಾಗಿ ಮೂಡುತ್ತವೆ. ಮೇಲಿನ ಹಲಗೆಗೆ ಬಿಳಿ ಹಾಳೆ ಅಂಟಿಸಿ, ಆ ಗೆರೆಗಳನ್ನು ಸ್ಕೇಲಿಟ್ಟು ಒಳಕ್ಕೆ ಮುಂದುವರಿಸಬೇಕು. ಒಳಹೋದ ಗೆರೆಯೂ ಹೊರಬಂದ ಗೆರೆಯೂ ಕೂಡುವ ಜಾಗದಲ್ಲಿ ಗೋಲಿ ಏನಕ್ಕೋ ಬಡಿದಿದೆ. ಅಂಥ ಚುಕ್ಕೆಗಳು ಸಾಲುಗಟ್ಟುತ್ತಾ ಹೋದ ಹಾಗೆ ಆಕಾರ ಮೇಲೆದ್ದು ಬರುತ್ತದೆ. ಸಮಾಂತರವಾಗಿ ಬಿಟ್ಟ ಗೋಲಿಗಳು ಹೊರಗೂ ಸಮಾಂತರವಾಗಿ ಬಂದರೆ ಅದು ಚಪ್ಪಟೆ ಮುಖ. ಸ್ವಲ್ಪವೇ ಸರಿಸಿ ಬಿಟ್ಟರೂ ಒಂದೊಂದು ಒಂದೊಂದು ಕಡೆ ಹರಡಿದರೆ ದುಂಡು ಮುಖ.

ಇಲ್ಲಿ ಒಂದು ಭೌತವಿಜ್ಞಾನ ಅಡಗಿದೆ, ಇದನ್ನು ಹಾರಿಸಿದರೆ ಮಕ್ಕಳು ಬಿಡಿಸುವ ಆಕಾರಗಳೆಲ್ಲ ಸೊಟ್ಟಗಾಗುತ್ತವೆ. ಬೆಳಕು ಕನ್ನಡಿಗೆ ಬಡಿದು ವಾಪಸ್ ಬಂದಾಗ ಎರಡೂ ಕೋನ ಸಮ ಅಂತ ಅವರು ಕಲಿತಿರುತ್ತಾರೆ, ಗೋಲಿಗೂ ಅದನ್ನೇ ಹಚ್ಚುತ್ತಾರೆ. ಆದರೆ ಗೋಲಿ ಉರುಳುತ್ತಾ ಬರುತ್ತದೆ ಅಲ್ವಾ. ಗೋಡೆಗೆ ಬಡಿದಾಗ ಅದು ಸಾಗುವ ದಿಕ್ಕು ತಿರುಗುತ್ತದೆ, ತನ್ನ ಸುತ್ತ ತಾನು ತಿರುಗುವುದು ಮಾತ್ರ ಬಹುಮಟ್ಟಿಗೆ ಹಳೇ ದಿಕ್ಕಲ್ಲೇ ಉಳಿದಿರುತ್ತದೆ. ಆ ತಿರುಗುವಿಕೆ ತಳಕ್ಕೆ ಉಜ್ಜಿ ಗೋಲಿಯನ್ನು ಮತ್ತೆ ಗೋಡೆಯ ಕಡೆಗೇ ಎಳೆಯುತ್ತದೆ. ಹಾಗಾಗಿ ದಾರಿ ಬಾಗಿ, ಗೋಲಿ ಗೋಡೆಗೆ ಒರಗಿದ ಹಾಗೆ ಹೊರಡುತ್ತದೆ. ಗೋಡೆಗೆ ಎಳೆದ ಲಂಬದಿಂದ ಅಳೆದರೆ 45 ಡಿಗ್ರಿಯಲ್ಲಿ ಒಳಹೋದದ್ದು 55, 60 ಡಿಗ್ರಿಯ ಹತ್ತಿರ ಹೊರಬರುವುದು ಸಹಜ. ಕೇರಂ ಪೌಡರ್ ಇದ್ದರೆ ಉಜ್ಜುವುದು ಕಡಿಮೆ, ಬಾಗುವುದೂ ಕಡಿಮೆ.

ಇದಕ್ಕೆ ಮದ್ದು ಅಂದರೆ ಮೊದಲು ಕಾಣುವ ಗೋಡೆಯ ಮೇಲೆ ಅಭ್ಯಾಸ ಮಾಡಿಸುವುದು. ತೆರೆದ ಜಾಗದಲ್ಲಿ ಒಂದು ಮರದ ತುಂಡಿಟ್ಟು, ಬೇರೆ ಬೇರೆ ಕೋನದಲ್ಲಿ ಗೋಲಿ ಬಿಟ್ಟು, ಕೋನಮಾಪಕದಲ್ಲಿ ಅಳೆದು, ಒಳಹೋದ ಕೋನಕ್ಕೆ ಹೊರಬಂದ ಕೋನ ಎಷ್ಟು ಅಂತ ಒಂದು ಕೋಷ್ಟಕ ಮಾಡಿಕೊಳ್ಳಲಿ. ಆಮೇಲೆ ಮುಚ್ಚಿದ ಹಲಗೆಗೆ ಆ ಕೋಷ್ಟಕ ಹಚ್ಚಲಿ. ಗೊತ್ತಿರುವುದನ್ನು ಮೊದಲು ಅಳೆದು ಉಪಕರಣದ ಸ್ವಭಾವ ತಿಳಿದುಕೊಂಡು, ನಂತರ ಗೊತ್ತಿಲ್ಲದ್ದಕ್ಕೆ ಕೈ ಹಾಕುವುದು. ಇಡೀ ಚಟುವಟಿಕೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಇದಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡಿ ಅಂತ ಬೇಡಿಕೊಳ್ಳುತ್ತೇನೆ.

ಒಬ್ಬ ಹುಡುಗ ಗೋಲಿಯನ್ನು ಪಕ್ಕಕ್ಕಿಟ್ಟು ಬೆರಳ ಗೆಣ್ಣಿನಿಂದ ಹಲಗೆಯ ಮೇಲೆ ತಟ್ಟತೊಡಗಿದ. ಆಕಾರ ತಾಗಿರುವ ಕಡೆ ಸದ್ದು ಗಟ್ಟಿ, ಉಳಿದ ಕಡೆ ಪೊಳ್ಳು. ‘ಸರ್, ಇವನು ಮೋಸ ಮಾಡ್ತಿದಾನೆ’ ಅಂತ ಗಲಾಟೆ. ಮೋಸ ಏನಲ್ಲ. ಮನೆಯಲ್ಲಿ ಹಲಸಿನ ಹಣ್ಣು ತಟ್ಟಿ ನೋಡಿ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಾರಲ್ಲ, ಅದೇ ವಿದ್ಯೆ. ರೋಗಿಯ ಎದೆಯನ್ನು ಬೆರಳಿಂದ ತಟ್ಟಿ ಒಳಗೆ ನೀರು ತುಂಬಿದೆಯಾ ಅಂತ ತಿಳಿಯುವ ಕ್ರಮವನ್ನು ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್ 1761ರಲ್ಲೇ ಬರೆದಿಟ್ಟರು. ಆ ಹುಡುಗನಿಗೆ ನಾನು ಕೇಳಿದ್ದು ಇಷ್ಟೇ: ತಟ್ಟಿ ಬಿಡಿಸಿದ ಚಿತ್ರಕ್ಕೂ ಗೋಲಿ ಬಿಟ್ಟು ಬಿಡಿಸಿದ ಚಿತ್ರಕ್ಕೂ ಹೊಂದುತ್ತದಾ? ಎರಡು ಬೇರೆ ದಾರಿ ಒಂದೇ ಕಡೆ ಬಂದು ಸೇರಿದರೆ ಉತ್ತರಕ್ಕೆ ಬಲ ಬರುತ್ತದೆ.

ಗೋಲಿಯ ಗಾತ್ರದ ಬಗ್ಗೆಯೂ ಒಂದು ಹಲಗೆ ಮಾಡಿದೆ. ಚೌಕದ ಒಂದು ಮುಖದಲ್ಲಿ 1 ಸೆಂ.ಮೀ. ಅಗಲದ ಕಚ್ಚು ಕೊರೆದೆ. 16 ಮಿ.ಮೀ. ಗೋಲಿ ಅದರೊಳಗೆ ಇಳಿಯುವುದೇ ಇಲ್ಲ, ಆ ಮುಖ ಚಪ್ಪಟೆ ಅಂತಲೇ ಮಕ್ಕಳು ಬರೆಯುತ್ತಾರೆ. ಸೈಕಲ್ ಹಿಂದಿನ ಚಕ್ರದ ಬೇರಿಂಗ್ ಗುಂಡು ಕಾಲು ಇಂಚು, ಅಂದರೆ 6.35 ಮಿ.ಮೀ. ಇರುತ್ತದೆ. ಅದನ್ನು ಬಿಟ್ಟರೆ ಕಚ್ಚು ಸಿಕ್ಕಿಬೀಳುತ್ತದೆ. ನ್ಯೂಕ್ಲಿಯಸ್ಸನ್ನು ಇನ್ನೂ ಸೂಕ್ಷ್ಮವಾಗಿ ನೋಡಲು ಹೆಚ್ಚು ಹೆಚ್ಚು ಶಕ್ತಿಯ ಎಲೆಕ್ಟ್ರಾನ್ ಯಾಕೆ ಬೇಕಾಯಿತು ಅಂತ ಹೇಳಲು ಇದಕ್ಕಿಂತ ಒಳ್ಳೆ ಪೀಠಿಕೆ ನನಗೆ ಸಿಕ್ಕಿಲ್ಲ. ಶಕ್ತಿ ಹೆಚ್ಚಿದಷ್ಟೂ ಎಲೆಕ್ಟ್ರಾನಿನ ತರಂಗಾಂತರ ಕಿರಿದಾಗುತ್ತದೆ, ಕಿರಿದಾದಷ್ಟೂ ಸಣ್ಣ ವಿವರ ಸಿಗುತ್ತದೆ. 1960ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡಿನ ವೇಗವರ್ಧಕದಲ್ಲಿ ಪ್ರೋಟಾನಿನೊಳಗೂ ಸಣ್ಣ ಗಟ್ಟಿ ತುಣುಕುಗಳಿವೆ ಅಂತ ತಿಳಿದದ್ದು ಹೀಗೆ ಎಲೆಕ್ಟ್ರಾನ್ ಹಾಯಿಸಿಯೇ.

ರುದರ್‌ಫೋರ್ಡ್ ಪಾಠಕ್ಕೆ ಹತ್ತಿರವಾದ ಹಲಗೆ ಬೇರೆಯದು. ಇದರಲ್ಲಿ ಒಂದು ದೊಡ್ಡ ಆಕಾರ ಇಲ್ಲ, ನಾಲ್ಕು ಸಣ್ಣ ಗೂಟಗಳಿವೆ. ನೆಲ ಒರೆಸುವ ಮಾಪಿನ ಮರದ ಹಿಡಿಕೆಯನ್ನು 24 ಮಿ.ಮೀ. ಎತ್ತರಕ್ಕೆ ಕತ್ತರಿಸಿ, ನೆಟ್ಟಗೆ ನಿಲ್ಲಿಸಿ ಅಂಟಿಸಿದ್ದು. ಗೂಟದ ವ್ಯಾಸ ಎಷ್ಟು ಅಂತ ಹಲಗೆ ತೆರೆಯದೆ ಹೇಳಬೇಕು. ಎಷ್ಟು ಗೂಟ ಇವೆ ಅಂತ ಮಾತ್ರ ಹೇಳಿರುತ್ತೇನೆ.

ಗೂಟಕ್ಕೆ ಗೋಲಿ ತಾಗಬೇಕಾದರೆ ಗೋಲಿಯ ಮಧ್ಯ ಗೂಟದ ಮಧ್ಯದಿಂದ ಎರಡರ ತ್ರಿಜ್ಯ ಕೂಡಿದಷ್ಟರೊಳಗೆ ಹಾಯಬೇಕು. ಅಂದರೆ ಒಂದು ಗೂಟ ತನ್ನ ವ್ಯಾಸ ಮತ್ತು ಗೋಲಿಯ ವ್ಯಾಸ ಸೇರಿದಷ್ಟು ಅಗಲದ ದಾರಿಗೆ ಅಡ್ಡ ನಿಂತಿರುತ್ತದೆ. ಬಿಡುವ ಅಗಲ 40 ಸೆಂ.ಮೀ., ಗೂಟ ನಾಲ್ಕು. ಬಿಟ್ಟ ಗೋಲಿಗಳಲ್ಲಿ ಬಡಿದವು ಎಷ್ಟು ಪಾಲು ಅಂತ ಕಂಡುಕೊಂಡು, ಅದನ್ನು 40ರಿಂದ ಗುಣಿಸಿ, 4ರಿಂದ ಭಾಗಿಸಿ, ಗೋಲಿಯ ವ್ಯಾಸ 1.6 ಕಳೆದರೆ ಗೂಟದ ವ್ಯಾಸ ಬರುತ್ತದೆ. ಗೂಟಗಳ ನೆರಳು ಒಂದರ ಮೇಲೊಂದು ಬೀಳದ ಹಾಗೆ ಅಡ್ಡಡ್ಡ ಕನಿಷ್ಠ 4.5 ಸೆಂ.ಮೀ. ದೂರ ಇಡಬೇಕು, ಹಿಂದೆ ಮುಂದೆ ಹೇಗೆ ಇಟ್ಟರೂ ಪರವಾಗಿಲ್ಲ. ಗೂಟದ ಮಧ್ಯ ಈ 40 ಸೆಂ.ಮೀ. ಅಗಲದ ಅಂಚಿಗೆ ಎರಡು ಸೆಂ.ಮೀ.ಗಿಂತ ಹತ್ತಿರ ಬರಬಾರದು.

ಎಲ್ಲಿಂದ ಬಿಡಬೇಕು ಅನ್ನುವುದನ್ನು ಮಕ್ಕಳ ಇಷ್ಟಕ್ಕೆ ಬಿಡಬೇಡಿ. ಒಮ್ಮೆ ಬಡಿದ ಜಾಗದಿಂದಲೇ ಮತ್ತೆ ಮತ್ತೆ ಬಿಡುತ್ತಾರೆ, ಬಡಿತದ ಸದ್ದು ಕೇಳುವುದು ಅಷ್ಟು ಖುಷಿ. 1ರಿಂದ 40ರ ತನಕ ಚೀಟಿ ಮಾಡಿ ಡಬ್ಬಿಗೆ ಹಾಕಿ, ಎತ್ತಿದ ಚೀಟಿಯ ಜಾಗದಿಂದ ಬಿಟ್ಟು, ಚೀಟಿ ವಾಪಸ್ ಹಾಕಬೇಕು. ಒಬ್ಬರು ಬಿಡುವುದು, ಒಬ್ಬರು ಕಿವಿಗೊಟ್ಟು ಟಕ್ ಸದ್ದು ಬಂತಾ ಅಂತ ಹೇಳುವುದು, ಒಬ್ಬರು ಬರೆಯುವುದು. ಒಂದೇ ಗೋಲಿ ಎರಡು ಗೂಟಕ್ಕೆ ಬಡಿದರೂ ಒಂದೇ ಲೆಕ್ಕ.

ನಾಲ್ಕು ಗುಂಪು ತಲಾ 50 ಗೋಲಿ ಬಿಟ್ಟಾಗ ಬಡಿದವು 24, 17, 22, 21. ಮೊದಲ ಗುಂಪಿನ ಲೆಕ್ಕಕ್ಕೆ ಗೂಟ 3.2 ಸೆಂ.ಮೀ., ಎರಡನೆಯದಕ್ಕೆ 1.8. ತಕ್ಷಣ ಜಗಳ. ಎಲ್ಲ ಸೇರಿಸಿ ನೋಡಿ ಅಂದೆ: 200ರಲ್ಲಿ 84, ಅಂದರೆ 0.42, ಗೂಟ 2.6 ಸೆಂ.ಮೀ. ಹಿಡಿಕೆಯ ಉಳಿದ ತುಂಡು ನನ್ನ ಬಳಿ ಇದೆ, ಅದು 2.5. ಐವತ್ತು ಗೋಲಿಗೆ ಸುಮಾರು 0.7 ಸೆಂ.ಮೀ. ಆಚೀಚೆ ಆಗುವುದು ತೀರಾ ಸಹಜ, ಇನ್ನೂರಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಜಾಸ್ತಿ ಬಿಟ್ಟರೆ ಅನಿಶ್ಚಿತತೆ ಅರ್ಧ. ಇದನ್ನು ಸೂತ್ರವಾಗಿ ಹೇಳುವುದಕ್ಕೆ ಮೊದಲೇ ಮಕ್ಕಳು ತಮ್ಮ ಅಂಕಿಗಳಲ್ಲಿ ನೋಡಿದರು. ಬಡಿಯದೆ ಸುಮ್ನೆ ಹಾದುಹೋದ 116 ಗೋಲಿ ಇಲ್ಲದಿದ್ದರೆ ಈ ಉತ್ತರವೇ ಇಲ್ಲ ಅನ್ನುವುದನ್ನೂ ಅವರಿಂದಲೇ ಹೇಳಿಸಿದೆ.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಅವರ ಕೈಕೆಳಗೆ ಗೈಗರ್ ಮತ್ತು ಮಾರ್ಸ್‌ಡನ್ ಮಾಡಿದ್ದು ಇಂಥದೇ ಎಣಿಕೆ. ಕತ್ತಲ ಕೋಣೆಯಲ್ಲಿ ಕೂತು, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ, ಸತು ಸಲ್ಫೈಡ್ ಪರದೆಯ ಮೇಲೆ ಮಿನುಗುವ ಒಂದೊಂದು ಕಿಡಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದರು. ಸುಮಾರು 8000ಕ್ಕೆ ಒಂದು ಆಲ್ಫಾ ಕಣ ಹಿಂದಕ್ಕೆ ಬಂತು. ನಮ್ಮ ಹಲಗೆಯಲ್ಲಿ ನೂರಕ್ಕೆ ನಲವತ್ತು ಬಡಿಯುತ್ತವೆ. ಚಿನ್ನದ ನ್ಯೂಕ್ಲಿಯಸ್ಸನ್ನು 1 ಸೆಂ.ಮೀ. ಅಂತ ಇಟ್ಟುಕೊಂಡರೆ ಇಡೀ ಪರಮಾಣು ಸುಮಾರು 200 ಮೀಟರ್ ಅಗಲ ಆಗುತ್ತದೆ. ನಮ್ಮ ಶಾಲೆಯ ಮೈದಾನ ಅಷ್ಟು ದೊಡ್ಡದಿಲ್ಲ.

ಆದರೆ ಗೋಲಿ ಗೂಟಕ್ಕೆ ತಾಗುತ್ತದೆ, ಆಲ್ಫಾ ಕಣ ನ್ಯೂಕ್ಲಿಯಸ್ಸಿಗೆ ತಾಗದೆ ದೂರದಿಂದಲೇ ಬಾಗುತ್ತದೆ. ಇದನ್ನು ತೋರಿಸಲು ಕೆಟ್ಟ ಸ್ಪೀಕರಿನಿಂದ ಬಿಚ್ಚಿದ ಬಳೆ ಆಕಾರದ ಆಯಸ್ಕಾಂತವನ್ನು ದಪ್ಪ ರಟ್ಟಿನ ಅಡಿಗೆ ಅಂಟಿಸಿ, ಮೇಲೆ ಸೈಕಲ್ ಗುಂಡು ಬಿಟ್ಟೆವು. ದೂರ ಹಾದರೆ ಸ್ವಲ್ಪ ಬಾಗುತ್ತದೆ, ಹತ್ತಿರ ಹಾದಷ್ಟೂ ಜಾಸ್ತಿ, ತೀರಾ ಹತ್ತಿರವಾದರೆ ಅಂಟಿ ನಿಲ್ಲುತ್ತದೆ. ಆಯಸ್ಕಾಂತವನ್ನು ಮಗುಚಿ ಹಾಕಿದರೂ ಗುಂಡು ಹಾಗೇ ಬಾಗುತ್ತದೆ, ಕಬ್ಬಿಣಕ್ಕೆ ಎರಡು ಧ್ರುವವೂ ಒಂದೇ. ಮೇಲಿರುವುದು ಉತ್ತರವೋ ದಕ್ಷಿಣವೋ ಅಂತ ಗುಂಡಿನಿಂದ ಎಂದೂ ತಿಳಿಯುವುದಿಲ್ಲ, ದಿಕ್ಸೂಚಿಯೇ ಬೇಕು. ಆಶ್ಚರ್ಯ ಏನಂದರೆ ರುದರ್‌ಫೋರ್ಡ್ ಅವರ 1911ರ ಲೆಕ್ಕದಲ್ಲೂ ಇಂಥದೇ ಮಿತಿ ಇತ್ತು. ನಡುವಿನ ವಿದ್ಯುದಂಶ ಧನವಾದರೂ ಋಣವಾದರೂ ಕಣಗಳು ಹರಡುವ ರೀತಿ ಒಂದೇ ಅಂತ ಅವರೇ ಬರೆದರು. ಎಳೆಯುವ ಬಲವಾದರೂ ಕಣ ಸುತ್ತಿಕೊಂಡು ಹಿಂದಕ್ಕೆ ಬರಬಹುದು.

ಈಗ ತೆರೆಯದಿರುವ ಮಾತು. ಬಿಚ್ಚಿ ತೋರಿಸಿ ಸರ್ ಅಂತ ಮಕ್ಕಳು ಗೋಳು ಹೊಯ್ದುಕೊಳ್ಳುತ್ತಾರೆ. ಪಾಪ, ಕೊನೆಗಾದರೂ ತೋರಿಸಿ, ಇಲ್ಲದಿದ್ದರೆ ಉತ್ಸಾಹ ಹೋಗುತ್ತದೆ ಅಂತ ಜೊತೆಯ ಶಿಕ್ಷಕರೂ ಹೇಳಿದರು. ನಾನು ಒಪ್ಪುವುದಿಲ್ಲ. ಕೊನೆಗೆ ತೆರೆಯುತ್ತಾರೆ ಅಂತ ಗೊತ್ತಿದ್ದರೆ ಅದು ಊಹೆಯ ಆಟವಾಗುತ್ತದೆ, ಸರಿ ಉತ್ತರ ಮೇಷ್ಟ್ರ ಹತ್ತಿರ ಇದೆ ಅಂತಾಗುತ್ತದೆ. ಭೂಮಿಯ ತಿರುಳಿನೊಳಗೆ ಇನ್ನೊಂದು ಒಳತಿರುಳು ಇದೆ ಅಂತ ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮನ್ 1936ರಲ್ಲಿ ಭೂಕಂಪದ ಅಲೆಗಳಿಂದ ಹೇಳಿದರು. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದ್ದು, 12 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಭೂಮಿಯ ತ್ರಿಜ್ಯ 6371 ಕಿ.ಮೀ. ಯಾರೂ ಬಿಚ್ಚಿ ನೋಡಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಜ್ಞಾನಿಗಳ ಜೊತೆ ಉಪಕರಣ ಇಟ್ಟು ಕಾದರು. ಅಡ್ಡಡ್ಡ ಬಂದ ಮ್ಯುಆನ್ ಕಣಗಳು (ಎಲೆಕ್ಟ್ರಾನಿನ ಜಾತಿಯವೇ, ಅದಕ್ಕಿಂತ ಭಾರದವು) ಸಿಕ್ಕವು. ಆ ದಿಕ್ಕಿನಲ್ಲಿ ಅಷ್ಟು ಬಂಡೆ ದಾಟಿ ಮ್ಯುಆನ್ ಬರಲು ಸಾಧ್ಯವೇ ಇಲ್ಲ. ಹಾಗಾಗಿ ಬಂಡೆಯನ್ನೂ ಸುಲಭವಾಗಿ ತೂರಿಹೋಗುವ, ಕಾಣದ ನ್ಯೂಟ್ರಿನೊ ಕಣ ಬಂದು ಅಲ್ಲೇ ಬಂಡೆಗೆ ಬಡಿದು ಮ್ಯುಆನ್ ಹುಟ್ಟಿಸಿರಬೇಕು ಅಂತ ತೀರ್ಮಾನ.

ತೆರೆಯುವ ಬದಲು ನಾನು ಕೇಳುವುದು ಭವಿಷ್ಯ. ಒಂದು ಗುಂಪು ತನ್ನ ಚಿತ್ರ ಮುಗಿಸಿದ ಮೇಲೆ, ಅವರು ಇದುವರೆಗೆ ಬಿಡದ ಜಾಗವೊಂದನ್ನು ಇನ್ನೊಂದು ಗುಂಪು ತೋರಿಸುತ್ತದೆ. ಇಲ್ಲಿಂದ ಬಿಟ್ಟರೆ ಗೋಲಿ ಎಲ್ಲಿ ಹೊರಬರುತ್ತದೆ? ಹೊರಬರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಬಿಡಬೇಕು. ಗುರುತಿನ ಹತ್ತಿರ ಬಂದರೆ ಚಿತ್ರ ಉಳಿಯಿತು, ಇಲ್ಲದಿದ್ದರೆ ಮತ್ತೆ ಕೆಲಸ. ಒಂದು ಗುಂಪು ವೃತ್ತ ಅಂತ ಹಟ ಹಿಡಿದಿತ್ತು, ಹೀಗೆ ಕೇಳಿದ ಮೇಲೆ ತಾವಾಗಿಯೇ ಚೌಕಕ್ಕೆ ಬಂದರು. ನಾನು ಬಾಯಿ ಬಿಡಬೇಕಾಗಲಿಲ್ಲ.

ಮುಂದಿನ ಹಲಗೆ ಖಾಲಿಯದು, ಮೂಲೆಯ ತುಂಡು ಬಿಟ್ಟರೆ ಒಳಗೆ ಏನೂ ಇಲ್ಲ. ಏನೂ ಇಲ್ಲ ಅಂತ ಎಷ್ಟು ಗೋಲಿ ಬಿಟ್ಟ ಮೇಲೆ ಹೇಳಬಹುದು? 2 ಸೆಂ.ಮೀ.ಗೆ ಒಂದರಂತೆ ಸಾಲಾಗಿ ಬಿಟ್ಟು ಯಾವುದೂ ಬಡಿಯದಿದ್ದರೆ, 1.6 ಸೆಂ.ಮೀ. ಗೋಲಿಯ ಕಣ್ಣು ತಪ್ಪಿಸಿ ಒಳಗೆ ಉಳಿಯಬಹುದಾದ ವಸ್ತು 0.4 ಸೆಂ.ಮೀ.ಗಿಂತ ಸಣ್ಣದಿರಬೇಕು. ಏನೂ ಇಲ್ಲ ಅನ್ನುವ ಬದಲು ಇಷ್ಟಕ್ಕಿಂತ ದೊಡ್ಡದು ಇಲ್ಲ ಅಂತ ಬರೆಯಬೇಕು. ಅದೇ ಅಂತರದಲ್ಲಿ ಸೈಕಲ್ ಗುಂಡು ಬಿಟ್ಟರೆ ಸುಮಾರು 1.4 ಸೆಂ.ಮೀ. ವಸ್ತುವೂ ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಗುಂಡು ಚಿಕ್ಕದಾದರೆ ಹತ್ತಿರ ಹತ್ತಿರ ಬಿಡಬೇಕು. ಅರ್ಧ ಸೆಂ.ಮೀ.ಗೊಂದು ಗೆರೆ ಎಳೆದ ಪಟ್ಟಿಯನ್ನು ತಳದ ಅಂಚಿಗೆ ಈಗಲೇ ಅಂಟಿಸಿಟ್ಟಿದ್ದೇನೆ.